ಪಾಪವುಂಟು, ಪ್ರಸಾದವಿಲ್ಲ

ಒಂದು ಮೊಬೈಲ್ ಫೋನು ಆಳೊಬ್ಬನನ್ನು ಜೊತೆಗೆ ಕಟ್ಟಿಕೊಂಡು ವಿಮಾನದಲ್ಲಿ ಐರ್ಲೆಂಡಿಗೆ ಹೋದ ಕತೆ ನಿಮಗೆ ಗೊತ್ತುಂಟೇ? ಭೂಮಿ ಬಿಸಿಯಾಗುತ್ತಿದೆ ಎನ್ನುವುದು ವಿಜ್ಞಾನವೋ ಮತವೋ ಎಂಬ ತಕರಾರು ಇಂಗ್ಲೆಂಡಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದಾಗ ಆ ಫೋನಿನ ಪ್ರಸ್ತಾಪವೂ ಬಂದಿತ್ತು. ಅಲ್ಲಿಂದಲೇ ಹಿಡಿಯೋಣ.

ಗ್ರೇಂಜರ್ ಎಂಬುದು ಮನೆಗಳನ್ನು ಬಾಡಿಗೆಗೆ ಕೊಡುವ ದೊಡ್ಡ ಕಂಪನಿ. ಅಲ್ಲಿ ಪರಿಸರದ ಉಸ್ತುವಾರಿಗೆಂದೇ ಒಂದು ಹುದ್ದೆ, ಆ ಹುದ್ದೆಯಲ್ಲಿ ಟಿಮ್ ನಿಕೋಲ್ಸನ್ ಎಂಬಾತ. ಕಂಪನಿ ಎಷ್ಟು ಇಂಗಾಲ ಉಗುಳುತ್ತಿದೆ ಎಂದು ಲೆಕ್ಕ ಹಾಕಿ, ಕಡಿಮೆ ಮಾಡಿ ಸ್ವಾಮಿ ಎಂದು ಗೋಗರೆಯುವುದು ಅವನ ಕೆಲಸ. ಹೇಳುವವನಿಗೆ ಸಂಬಳ ಕೊಟ್ಟರು, ಕೇಳುವುದಕ್ಕೆ ಯಾರನ್ನೂ ನೇಮಿಸಲಿಲ್ಲ. ಅವನು ಹೇಳಿಕೊಂಡ ಪ್ರಕಾರ, ಕಂಪನಿಯ ದೊಡ್ಡ ಸಾಹೇಬರು ಒಮ್ಮೆ ಐರ್ಲೆಂಡಿಗೆ ಹೋದಾಗ ತಮ್ಮ ಬ್ಲ್ಯಾಕ್‌ಬೆರಿ ಫೋನನ್ನು ಲಂಡನ್ನಿನಲ್ಲೇ ಮರೆತರಂತೆ. ಮರೆತರೆ ಮರೆತರು, ಅಲ್ಲಿನ ಹಸಿರು ನೋಡಿಕೊಂಡು ಸುಮ್ಮನೆ ವಾಪಸು ಬರಬಹುದಿತ್ತು. ಇಲ್ಲ, ಅದನ್ನು ತಲುಪಿಸಿ ಬಾ ಎಂದು ನೌಕರನೊಬ್ಬನನ್ನು ವಿಮಾನ ಹತ್ತಿಸಿದರಂತೆ! ನಿಕೋಲ್ಸನ್‌ಗೆ ಮೈಯೆಲ್ಲ ಉರಿಯಿತು. 2008ರಲ್ಲಿ ಅವನ ಕೆಲಸವೂ ಹೋಯಿತು. ಹುದ್ದೆಯೇ ಬೇಡವಾಯಿತು, ಬೇರೇನಿಲ್ಲ ಎಂದಿತು ಕಂಪನಿ. ನನ್ನ ನಂಬಿಕೆಗಾಗಿ ನನ್ನನ್ನು ತೆಗೆದಿದ್ದಾರೆ ಎಂದು ಇವನು ದಾವೆ ಹೂಡಿದ.

ಅಲ್ಲಿ 2003ರಲ್ಲಿ ಬಂದ ಒಂದು ಕಾಯಿದೆ ಇತ್ತು. ಧರ್ಮದ ಕಾರಣಕ್ಕಾಗಲಿ, ಧರ್ಮದಷ್ಟೇ ಗಾಢವಾದ ತಾತ್ವಿಕ ನಂಬಿಕೆಯ ಕಾರಣಕ್ಕಾಗಲಿ ಕೆಲಸಗಾರನಿಗೆ ಭೇದ ಮಾಡಬಾರದು ಎಂಬುದು ಅದರ ಸಾರ. ನಿಕೋಲ್ಸನ್ ತನ್ನ ಆಚಾರಗಳ ಪಟ್ಟಿ ಕೊಟ್ಟ. ವಿಮಾನ ಹತ್ತುವುದಿಲ್ಲ. ಮನೆಯನ್ನು ಪರಿಸರಕ್ಕೆ ಒಗ್ಗುವಂತೆ ರಿಪೇರಿ ಮಾಡಿಸಿದ್ದೇನೆ. ಆದಷ್ಟೂ ಸ್ಥಳೀಯ ಪದಾರ್ಥವನ್ನೇ ಕೊಳ್ಳುತ್ತೇನೆ. ಮಾಂಸ ಕಡಿಮೆ ಮಾಡಿದ್ದೇನೆ. ಅಡುಗೆಮನೆಯ ಕಸವನ್ನು ಗೊಬ್ಬರ ಮಾಡುತ್ತೇನೆ. ಓದಿದರೆ ನಮ್ಮ ಕಡೆಯ ಚಾತುರ್ಮಾಸ್ಯ ನೆನಪಾಗುತ್ತದೆ. ಒಂದೇ ವ್ಯತ್ಯಾಸ, ನಮ್ಮದು ನಾಲ್ಕು ತಿಂಗಳಿಗೆ ಮುಗಿಯುತ್ತದೆ.

ತಮಾಷೆ ಇರುವುದು ಇಲ್ಲಿ. ಈ ಜಗಳದಲ್ಲಿ ಸಾಮಾನ್ಯವಾಗಿ ಯಾರು ಏನು ಹೇಳುತ್ತಾರೆ? ಪರಿಸರದವರು ಇದು ಅಪ್ಪಟ ವಿಜ್ಞಾನ ಎನ್ನುತ್ತಾರೆ. ದುಡ್ಡಿನವರು ಇದೊಂದು ಹೊಸ ಮತ, ಮರುಳು ಎನ್ನುತ್ತಾರೆ. ಆ ಕೋರ್ಟಿನಲ್ಲಿ ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡರು! ಪರಿಸರದವನು ಇದು ನನ್ನ ನಂಬಿಕೆ, ನನ್ನ ಬದುಕಿನ ನೀತಿ ಎಂದು ಎದೆ ಮುಟ್ಟಿಕೊಂಡ. ಕಂಪನಿಯ ವಕೀಲರು ಛೆ ಛೆ, ಇದು ವಿಜ್ಞಾನ, ಪುರಾವೆಯ ಮಾತು, ಇದನ್ನು ನಂಬಿಕೆಯ ಸಾಲಿಗೆ ಸೇರಿಸುವುದು ಹೇಗೆ ಎಂದು ವಾದಿಸಿದರು. ಭೂಮಿಯ ಬಿಸಿಯ ಬಗ್ಗೆ ಕಂಪನಿಯೊಂದು ವಿಜ್ಞಾನಕ್ಕೆ ಇಷ್ಟು ಮರ್ಯಾದೆ ಕೊಟ್ಟ ಘಳಿಗೆ ಅಪರೂಪದ್ದು.

2009ರ ನವೆಂಬರಿನಲ್ಲಿ ನ್ಯಾಯಮೂರ್ತಿ ಮೈಕೆಲ್ ಬರ್ಟನ್ ತೀರ್ಪು ಕೊಟ್ಟರು. ಹವಾಮಾನ ಬದಲಾವಣೆ ಮನುಷ್ಯನಿಂದಲೇ ಆಗುತ್ತಿದೆ, ಅದನ್ನು ತಡೆಯುವುದು ನಮ್ಮ ಕರ್ತವ್ಯ ಎಂದು ಒಬ್ಬ ಪ್ರಾಮಾಣಿಕವಾಗಿ ನಂಬಿ ಹಾಗೆಯೇ ಬಾಳಿದರೆ ಕಾನೂನು ಅದಕ್ಕೂ ರಕ್ಷಣೆ ಕೊಡಬಲ್ಲದು, ವಿಜ್ಞಾನದ ಮೇಲೆ ನಿಂತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಹೊರಗಿಡಲಾಗದು ಎಂದರು. ಹಾಗಂತ ಕಂಡ ಕಂಡ ನಂಬಿಕೆಗೆಲ್ಲ ಬಾಗಿಲು ತೆರೆಯಲಿಲ್ಲ. ನಂಬಿಕೆಗೆ ತೂಕವಿರಬೇಕು, ಹೊಂದಾಣಿಕೆ ಇರಬೇಕು, ಇವತ್ತು ಸಿಕ್ಕ ಮಾಹಿತಿಗೆ ತಕ್ಕ ಅಭಿಪ್ರಾಯವಷ್ಟೇ ಆಗಿರಬಾರದು, ಪ್ರಜಾಪ್ರಭುತ್ವದಲ್ಲಿ ಗೌರವಕ್ಕೆ ತಕ್ಕುದಾಗಿರಬೇಕು ಎಂದೆಲ್ಲ ಒರೆಗಲ್ಲು ಇಟ್ಟರು. ‘ಸ್ಟಾರ್ ವಾರ್ಸ್’ ಸಿನಿಮಾದ ಜೆಡೈ ವೀರರನ್ನು ನಂಬಿಕೊಂಡವರು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ ಎಂಬ ಮಾತೂ ಬಂತು. ಯಾರು ಹಾಗೆ ನಂಬುತ್ತಾರೆ ಅಂತೀರಾ? 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 3,90,000 ಮಂದಿ ಧರ್ಮ ಎಂಬ ಕಡೆ ಜೆಡೈ ಎಂದೇ ಬರೆಸಿದ್ದರು. ಆ ದೇಶದ ಹುಡುಗಾಟಕ್ಕೂ ಒಂದು ಶಿಸ್ತು ಇದೆ ನೋಡಿ.

ಇದೇ ಬರ್ಟನ್ ಸಾಹೇಬರ ಮುಂದೆ ಅದಕ್ಕೂ ಎರಡು ವರ್ಷ ಹಿಂದೆ ಅಲ್ ಗೋರ್ ಅವರ ಸಿನಿಮಾ ಬಂದಿತ್ತು. ಭೂಮಿ ಬಿಸಿಯಾಗುವ ಬಗೆಗಿನ ಆ ಚಿತ್ರವನ್ನು ಶಾಲೆಗಳಿಗೆ ಹಂಚಬಾರದು ಎಂದು ಒಬ್ಬ ತಂದೆ ತಕರಾರು ತೆಗೆದಿದ್ದ. ಒಟ್ಟು ವಿಷಯ ಸರಿಯಾಗಿದೆ, ಆದರೆ ಒಂಬತ್ತು ಕಡೆ ಎಡವಿದೆ, ವಿವರಣೆಯ ಚೀಟಿ ಜೊತೆಗಿಟ್ಟು ತೋರಿಸಿ ಎಂದು ಸಾಹೇಬರು 2007ರ ಅಕ್ಟೋಬರ್ 10ರಂದು ಹೇಳಿದರು. ಅಕ್ಟೋಬರ್ 12ಕ್ಕೆ ಅಲ್ ಗೋರ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾಯಿತು. ಎಡವಿದ ಮೂರನೇ ದಿನಕ್ಕೆ ಸನ್ಮಾನ.

ಇದು ಮತ ಎಂದು ಮೂದಲಿಸುವವರ ಕಡೆಗೂ ಒಂದು ಸುತ್ತು ಹೋಗಿಬರೋಣ. ಅವರಲ್ಲಿ ಮೊದಲ ಮಣೆ ಮೈಕೆಲ್ ಕ್ರೈಟನ್‌ಗೆ. ಡೈನೊಸಾರ್‌ಗಳನ್ನು ಮೊಟ್ಟೆಯಿಂದ ಎಬ್ಬಿಸಿ ದುಡ್ಡು ಮಾಡಿದ ‘ಜುರಾಸಿಕ್ ಪಾರ್ಕ್’ ಕಾದಂಬರಿಕಾರ. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಂತು ಪರಿಸರವಾದ ನಗರವಾಸಿ ನಾಸ್ತಿಕರ ಧರ್ಮ ಎಂದು ಪದರ ಪದರವಾಗಿ ಬಿಡಿಸಿದ. ಆರಂಭದಲ್ಲಿ ಒಂದು ನಂದನವನ, ಆಮೇಲೆ ಮಾಲಿನ್ಯವೆಂಬ ಪಾಪದಿಂದ ಪತನ, ಮುಂದೆ ಕಾದಿರುವ ತೀರ್ಪಿನ ದಿನ, ಸುಸ್ಥಿರತೆ ಎಂಬ ಮೋಕ್ಷ. ಸಾವಯವ ತರಕಾರಿ ಅಂದರೆ ಪ್ರಸಾದ. ಮಾತು ಚುರುಕಾಗಿದೆ, ಅಲ್ಲಗಳೆಯುವಂತಿಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಟ್ ಲಂಡನ್ನಿಗೆ ಹೋಗಿ ಇನ್ನೊಂದು ಮೆಟ್ಟಿಲು ಏರಿದರು. ಹಿಂದೆ ಆದಿವಾಸಿಗಳು ಜ್ವಾಲಾಮುಖಿಯ ದೇವರಿಗೆ ಮೇಕೆ ಕಡಿಯುತ್ತಿದ್ದರು, ಈಗ ನಾವು ಹವಾಮಾನದ ದೇವರಿಗೆ ಕೈಗಾರಿಕೆಗಳನ್ನು ಬಲಿ ಕೊಡುತ್ತಿದ್ದೇವೆ ಎಂಬ ಧಾಟಿಯಲ್ಲಿ ಮಾತಾಡಿದರು. ಅಬಟ್ ಎಳೆಯ ವಯಸ್ಸಿನಲ್ಲಿ ಪಾದ್ರಿಯಾಗಲು ಓದಿ ಬಿಟ್ಟುಬಂದವರು. ಅದಕ್ಕೂ ಮೊದಲು, 2011ರಲ್ಲಿ, ಅವರದೇ ದೇಶದ ಕಾರ್ಡಿನಲ್ ಜಾರ್ಜ್ ಪೆಲ್ ಕೂಡ ಲಂಡನ್ನಿನಲ್ಲೇ ಉಪನ್ಯಾಸ ಮಾಡಿ, ಇಂಗಾಲದ ಕ್ರೆಡಿಟ್ ಮಾರುವುದು ಹಿಂದಿನ ಕಾಲದ ಪಾಪಕ್ಷಮೆಯ ಪತ್ರಗಳನ್ನು ಮಾರಿದ ಹಾಗೆ ಎಂದಿದ್ದರು. ಆ ಪತ್ರಗಳನ್ನು ಮಾರಿದ್ದು ಯಾರು ಕಾರ್ಡಿನಲ್ಲರೇ, ನಿಮ್ಮ ಅಂಗಡಿಯವರೇ ಅಲ್ಲವೇ? ಯಾರಾದರೂ ಎದ್ದು ಹೀಗೆ ಕೇಳಬೇಕಿತ್ತು. ಅಂತೂ ನನಗೆ ಗಮ್ಮತ್ತು ಅನಿಸುವುದು ಇಷ್ಟು: ಯಾವುದನ್ನಾದರೂ ಕೀಳು ಮಾಡಬೇಕಾದಾಗ ಇದು ಧರ್ಮದ ಹಾಗಿದೆ ಎಂದು ಬೈಯುವವರಲ್ಲಿ ಧರ್ಮಗುರುಗಳೂ ಇದ್ದಾರೆ.

ನಮ್ಮ ಭಾವನವರು ಕಾರ್ಡಿನಲ್ ಅಲ್ಲ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಅಭಿಪ್ರಾಯ ಮಾತ್ರ ಅದೇ. ನವೆಂಬರಿನ ಒಂದು ಮಧ್ಯಾಹ್ನ ಅವರ ಅಂಗಳದಲ್ಲಿ ಸುಲಿದು ಬೇಯಿಸಿ ಚೊಗರು ಹಾಕಿದ ಅಡಿಕೆ ಕೆಂಪಗೆ ಒಣಗುತ್ತಾ ಬಿದ್ದಿತ್ತು. ಜಗುಲಿಯ ಮೇಲೆ ಕವಳ ಮೆಲ್ಲುತ್ತಾ ಭಾವ ಪ್ರವಚನ ಸುರು ಮಾಡಿದರು.

‘ಈ ಗ್ಲೋಬಲ್ ವಾರ್ಮಿಂಗ್ ಅನ್ನೋದು ಬಿಳಿಯರ ಹೊಸ ಮತ ಮಾರಾಯ. ಮೊದಲು ಬೈಬಲ್ ಹಿಡ್ಕೊಂಡು ಬಂದ್ರು, ಈಗ ಥರ್ಮಾಮೀಟರ್ ಹಿಡ್ಕೊಂಡು ಬಂದಿದಾರೆ. ಅವರು ನೂರೈವತ್ತು ವರ್ಷ ಕಲ್ಲಿದ್ದಲು ಸುಟ್ಟು ಬಂಗಲೆ ಕಟ್ಕೊಂಡಾಯ್ತು. ಈಗ ನಾವು ಒಲೆ ಹಚ್ಚಿದರೆ ಪಾಪ.’

ಅಕ್ಕನ ಮಗಳು ಒಳಗಿನಿಂದ ಕಾಫಿ ಹಿಡಿದು ಬಂದಳು. ಅವಳು ಬೆಂಗಳೂರಿನಲ್ಲಿ ಕಂಪನಿಗಳ ಇಂಗಾಲದ ಲೆಕ್ಕ ಬರೆಯುವ ಕೆಲಸದಲ್ಲಿದ್ದಾಳೆ. ಅಪ್ಪ ಅವಳನ್ನು ಕರೆಯುವುದು ಚಿತ್ರಗುಪ್ತನ ಗುಮಾಸ್ತೆ ಎಂದು.

‘ಅಪ್ಪ, ಅದು ಮತ ಅಲ್ಲ, ಲೆಕ್ಕ.’

‘ಲೆಕ್ಕ! ನೀನು ಬಂದಿದ್ದು ಹೇಗೆ? ಶಿವಮೊಗ್ಗಕ್ಕೆ ವಿಮಾನದಲ್ಲಿ. ನೋಡು ಮಾರಾಯ, ಹಬ್ಬದ ಕಾಗೆ ಹಾರಿ ಬಂತು.’

‘ರೈಲಿಗೆ ಟಿಕೆಟ್ ಸಿಗಲಿಲ್ಲ ಮಾವ, ನೀವೇ ಹೇಳಿ. ಅದಕ್ಕೆ ಅಂತ ದುಡ್ಡು ಬೇರೆ ಕಟ್ಟಿದೀನಿ. ನಾನು ಹಾರಿದ್ದಕ್ಕೆ ಸಮವಾಗಿ ಎಲ್ಲೋ ಗಿಡ ನೆಡ್ತಾರೆ.’

‘ಎಲ್ಲಿ ನೆಡ್ತಾರೆ?’

‘ಎಲ್ಲೋ.’

‘ನಮ್ಮ ಸೊಪ್ಪಿನಬೆಟ್ಟದಲ್ಲಿ ನಾನೇ ನೆಟ್ಟು ಕೊಡ್ತಿದ್ದೆನಲ್ಲೆ, ಆ ದುಡ್ಡು ನನಗೇ ಕೊಡಬಾರದಿತ್ತಾ?’

ಇದಕ್ಕೆ ಅವಳು ಏನೋ ಹೇಳಬೇಕು, ಅಷ್ಟರಲ್ಲಿ ಗುಡುಗಿತು. ವಿಶಾಖೆ ಮಳೆ ಮುಗಿದು ಅನೂರಾಧ ಹೊಕ್ಕಿತ್ತು, ಇನ್ನು ಮಳೆಯ ಮಾತೇ ಇರಬಾರದು. ಭಾವ ಕವಳ ಉಗಿದು, ಪಂಚೆ ಎತ್ತಿಕಟ್ಟಿ, ‘ಹೊದಿಸ್ರೋ, ಹೊದಿಸ್ರೋ!’ ಎಂದು ಅಂಗಳಕ್ಕೆ ಹಾರಿದರು. ಟಾರ್ಪಾಲಿನ ಒಂದು ಮೂಲೆ ಭಾವನ ಕೈಯಲ್ಲಿ, ಒಂದು ನನ್ನ ಕೈಯಲ್ಲಿ, ಇನ್ನೆರಡು ಚಿತ್ರಗುಪ್ತನ ಗುಮಾಸ್ತೆಯ ಮತ್ತು ನಮ್ಮಕ್ಕನ ಕೈಯಲ್ಲಿ. ಅಡಿಕೆ ಅರ್ಧ ನೆನೆಯಿತು. ನೀರು ಒರೆಸಿಕೊಳ್ಳುತ್ತಾ ಭಾವ ಬೈದರು: ‘ಅಪ್ಪಯ್ಯನ ಕಾಲದಲ್ಲಿ ಹೀಗಿರಲಿಲ್ಲ. ದೀಪಾವಳಿ ಕಳೆದ ಮೇಲೆ ಆಕಾಶ ನೋಡೋದೇ ಬೇಡವಾಗಿತ್ತು. ಈಗ ಮೃಗಶಿರ ಒಣ, ಆರಿದ್ರ ಅರ್ಧ, ಬೇಡದಾಗ ಬಾಲ್ದಿಯಲ್ಲಿ ಹೊಯ್ತದೆ.’

‘ಅದನ್ನೇ ಅಪ್ಪ ನಾವೂ ಹೇಳೋದು.’

‘ನೀವು ಹೇಳೋದು ಬೇರೆ. ನೀವು ಇಂಗ್ಲಿಷಿನಲ್ಲಿ ಹೇಳ್ತೀರಿ.’

ಸೋದರ ಸೊಸೆಯ ಆ ಗಿಡಗಳ ವಿಚಾರಕ್ಕೆ ಬರುತ್ತೇನೆ. ಈ ಬಾಬತ್ತಿನಲ್ಲಿ ಮೂದಲಿಸುವವರ ಮಾತು ನೂರಕ್ಕೆ ನೂರು ಒಪ್ಪುವಂಥದ್ದು. ದುಡ್ಡು ಕಟ್ಟು, ಪಾಪ ಕಳೆದುಕೋ. ಮಾರ್ಟಿನ್ ಲೂಥರ್ 1517ರಲ್ಲಿ ಸಿಡಿದೆದ್ದಿದ್ದೇ ಈ ವ್ಯಾಪಾರದ ವಿರುದ್ಧ. ಕ್ಷಮಾಪತ್ರ ಮಾರಿ ಬಂದ ಹಣದಲ್ಲಿ ರೋಮಿನ ಸಂತ ಪೀಟರನ ಮಹಾ ದೇಗುಲ ಎದ್ದು ನಿಂತಿತು. ಐನೂರು ವರ್ಷದೊಳಗೆ ಚಕ್ರ ಹೇಗೆ ತಿರುಗಿತು ಗೊತ್ತೇ? 2007ರಲ್ಲಿ ಹಂಗೇರಿಯ ಒಂದು ಕಂಪನಿ, ಹೆಸರು ಕ್ಲಿಮಾಫಾ, ವ್ಯಾಟಿಕನ್ನಿಗೇ ಹೋಗಿ, ನಿಮ್ಮ ಇಡೀ ವರ್ಷದ ಇಂಗಾಲಕ್ಕೆ ಸಮವಾಗಿ ನಮ್ಮ ದೇಶದಲ್ಲಿ ಒಂದು ಕಾಡು ಬೆಳೆಸುತ್ತೇವೆ, ನೀವೇ ಜಗತ್ತಿನ ಮೊದಲ ಇಂಗಾಲಮುಕ್ತ ರಾಷ್ಟ್ರವಾಗಿ ಎಂದಿತು. ಕಾರ್ಡಿನಲ್ ಒಬ್ಬರು ಪ್ರಮಾಣಪತ್ರ ಸ್ವೀಕರಿಸಿದರು. ಪತ್ರಿಕೆಗಳಲ್ಲಿ ಜಯಜಯಕಾರವೂ ಆಯಿತು. ಮೂರು ವರ್ಷ ಬಿಟ್ಟು ಪತ್ರಕರ್ತರು ಹೋಗಿ ನೋಡಿದರೆ ಕಾಡು ಎಲ್ಲಿ, ಸಸಿಯೇ ನೆಟ್ಟಿರಲಿಲ್ಲ! ಶತಮಾನಗಳ ಕಾಲ ಕ್ಷಮಾಪತ್ರ ಬರೆದು ಕೊಟ್ಟ ಪೀಠಕ್ಕೇ ಒಬ್ಬರು ಬೋಗಸ್ ಕ್ಷಮಾಪತ್ರ ಕೊಟ್ಟು ಹೋದರು. ಲೂಥರ್ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ವ್ಯಾಟಿಕನ್ ಆಮೇಲೆ ಪೋಪರ ಸಭಾಭವನದ ಮಾಡಿಗೆ ಎರಡು ಸಾವಿರಕ್ಕೂ ಹೆಚ್ಚು ಸೋಲಾರ್ ಹಲಗೆ ಹೊದಿಸಿತು ಎನ್ನುವುದನ್ನೂ ಹೇಳಿಬಿಡಬೇಕು. ಅದು ಕಣ್ಣಿಗೆ ಕಾಣುತ್ತದೆ, ಎಣಿಸಬಹುದು.

ಜಾತ್ರೆಯೂ ಉಂಟು. 1995ರಲ್ಲಿ ಬರ್ಲಿನ್ನಿನಲ್ಲಿ ಶುರುವಾದ ಹವಾಮಾನ ಸಮ್ಮೇಳನ ಊರಿಂದೂರಿಗೆ ತೇರು ಎಳೆದುಕೊಂಡು ಹೋಗುತ್ತಿದೆ. 2023ರಲ್ಲಿ ದುಬೈಗೆ ಹೋದಾಗ ಸಭೆಯ ಯಜಮಾನಿಕೆ ಅಬುಧಾಬಿಯ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರದು. ಸಾರಾಯಿ ಕಂಟ್ರಾಕ್ಟರರು ಪಾನನಿರೋಧ ಸಭೆಯ ಅಧ್ಯಕ್ಷತೆ ವಹಿಸಿದ ಹಾಗೆ. ಅದೇ ದುಬೈಯಲ್ಲಿ ಮೊದಲ ಬಾರಿಗೆ ಎಲ್ಲ ಮತಧರ್ಮದವರಿಗೂ ಸೇರಿ ಒಂದು ಮಂಟಪವನ್ನೂ ಹಾಕಿಕೊಟ್ಟರು.

ಅಪರಕರ್ಮವೂ ಉಂಟು ಎಂದರೆ ನಂಬುತ್ತೀರಾ? 2019ರ ಆಗಸ್ಟ್ 18ರಂದು ಐಸ್‌ಲ್ಯಾಂಡಿನಲ್ಲಿ ಓಕ್ ಎಂಬ ಹಿಮನದಿಯ ಅಂತ್ಯಕ್ರಿಯೆ ನಡೆಯಿತು. ದೇಶದ ಪ್ರಧಾನಿಯೇ ಬಂದಿದ್ದರು. ಅದು ಸತ್ತಿದೆ ಎಂದು ಮೊದಲು ಹೇಳಿದ್ದ ಹಿಮಶಾಸ್ತ್ರಜ್ಞರು ಮರಣ ಪ್ರಮಾಣಪತ್ರ ತಂದಿದ್ದರು. ಬಂಡೆಗೆ ಒಂದು ತಾಮ್ರದ ಫಲಕ ಬಡಿದು, ಮುಂದಿನ ಪೀಳಿಗೆಯವರಿಗೆ ನಾಲ್ಕು ಸಾಲು ಬರೆದಿಟ್ಟು ಇಳಿದು ಬಂದರು. ಮರುತಿಂಗಳು ಸ್ವಿಟ್ಜರ್ಲೆಂಡಿನಲ್ಲಿ ಪಿಜೋಲ್ ಹಿಮನದಿಗೂ ಸಂಸ್ಕಾರವಾಯಿತು. ಇಲ್ಲಿ ಕಪ್ಪುಬಟ್ಟೆಯ ಜನ ಬೆಟ್ಟ ಹತ್ತಿದರು, ಪಾದ್ರಿಯೂ ಇದ್ದರು. ನಮ್ಮ ಪುರೋಹಿತರ ಕೈಗೆ ಸಿಕ್ಕಿದ್ದರೆ ಮೃತರ ಗೋತ್ರ ಯಾವುದು, ಕರ್ತೃ ಯಾರು, ವರ್ಷಾಂತಿಕಕ್ಕೆ ಎಲೆ ಎಷ್ಟು ಎಂದು ಕೇಳದೆ ಬಿಡುತ್ತಿರಲಿಲ್ಲ.

ನಗುವ ಮುಂಚೆ ಅದೇ 2019ರಲ್ಲಿ ನಾವೇನು ಮಾಡುತ್ತಿದ್ದೆವು ನೋಡಿ. ಬರ ಬಿಗಿಹಿಡಿದಿತ್ತು. ಜೂನ್ ಮೊದಲ ವಾರ ನಮ್ಮ ಮುಜರಾಯಿ ಇಲಾಖೆ ಸುತ್ತೋಲೆ ಹೊರಡಿಸಿ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ, ಹೋಮ ಮಾಡಿಸಿತು. ಅದೇ ಸರ್ಕಾರ ಅದೇ ವರ್ಷ ವಿಮಾನ ಹಾರಿಸಿ ಮೋಡ ಬಿತ್ತನೆಯನ್ನೂ ಮಾಡಿಸಿತು. ವರುಣದೇವನಿಗೆ ಒಂದು ಅರ್ಜಿ, ಸಿಲ್ವರ್ ಅಯೊಡೈಡಿಗೆ ಒಂದು ಟೆಂಡರ್. ಯಾವುದು ಫಲ ಕೊಟ್ಟರೂ ಲೆಕ್ಕಪರಿಶೋಧಕರಿಗೆ ಉತ್ತರ ಸಿದ್ಧ. ಉಡುಪಿಯಲ್ಲಿ ಕಪ್ಪೆಗಳಿಗೆ ಮದುವೆಯಾಯಿತು. ಆಗಸ್ಟಿಗೆ ಬಂತು ನೋಡಿ ಮಳೆ! ಬೆಳಗಾವಿ, ಬಾಗಲಕೋಟೆ ಕಡೆ ಊರೂರೇ ನೀರಿನಲ್ಲಿ ಮುಳುಗಿ ಹೋದವು, ಮಲೆನಾಡಿನಲ್ಲಿ ಗುಡ್ಡ ಜರಿದವು. ಅದು ನಗುವ ವಿಷಯವಲ್ಲ. ಭೋಪಾಲದವರು ಮಾತ್ರ ನಗಿಸಿದರು. ಅಲ್ಲಿ ಜುಲೈಯಲ್ಲಿ ಮದುವೆ ಮಾಡಿಸಿದ್ದ ಕಪ್ಪೆಗಳಿಗೆ, ಮಳೆ ವಿಪರೀತವಾಯಿತೆಂದು ಸೆಪ್ಟೆಂಬರಿನಲ್ಲಿ ಶಾಸ್ತ್ರೋಕ್ತವಾಗಿ ವಿಚ್ಛೇದನ ಕೊಡಿಸಿದರು. ಜೀವನಾಂಶದ ತೀರ್ಮಾನ ಏನಾಯಿತೋ ಗೊತ್ತಿಲ್ಲ.

ಆದ್ದರಿಂದ ಮೂದಲಿಸುವವರ ಜೊತೆ ಹೋಲಿಕೆಯ ವಿಷಯದಲ್ಲಿ ನನಗೆ ಜಗಳವಿಲ್ಲ. ಪಾಪ, ಪ್ರಾಯಶ್ಚಿತ್ತ, ಜಾತ್ರೆ, ತಿಥಿ ಎಲ್ಲ ಉಂಟು. ನನ್ನ ಆಕ್ಷೇಪಣೆ ಬೇರೆ. ಇದನ್ನು ಮತ ಎಂದೇ ಇಟ್ಟುಕೊಳ್ಳಿ. ಇಷ್ಟು ಕಳಪೆ ಮತವನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಮೊದಲನೆಯದಾಗಿ ಊಟವಿಲ್ಲ. ನಮ್ಮಲ್ಲಿ ಯಾವ ದೇವಸ್ಥಾನಕ್ಕೆ ಹೋಗಿ, ಕೈಗೆ ಏನಾದರೂ ಹಾಕಿ ಕಳಿಸುತ್ತಾರೆ. ಧರ್ಮಸ್ಥಳದಲ್ಲಿ ಊಟ, ಶೃಂಗೇರಿಯಲ್ಲಿ ಊಟ, ಹೊರನಾಡಿನಲ್ಲಿ ಅಮ್ಮನವರ ಹೆಸರೇ ಅನ್ನಪೂರ್ಣೆ. ಇಲ್ಲಿ ಬರೀ ಬಿಡುವ ಪಟ್ಟಿ: ಕಾರು ಬಿಡಿ, ಮಾಂಸ ಬಿಡಿ, ವಿಮಾನ ಬಿಡಿ. ಪಾಪವುಂಟು, ಪ್ರಸಾದವಿಲ್ಲ.

ಎರಡನೆಯದು, ಹರಕೆ ನಡೆಯುವುದಿಲ್ಲ. ತಿರುಪತಿ ತಿಮ್ಮಪ್ಪನಿಗೆ ಮಗನಿಗೊಂದು ಕೆಲಸ ಕೊಡಿಸು, ಮುಡಿ ಕೊಡುತ್ತೇನೆ ಎನ್ನಬಹುದು. ಕಾರ್ಬನ್ ಡೈಆಕ್ಸೈಡಿಗೆ ಕೂದಲು ಬೇಡ, ಕಾಣಿಕೆ ಬೇಡ, ಉರುಳುಸೇವೆ ಬೇಡ. ಮೇಲೆ ಹೋಗಿ ಕೂತರೆ ಅದರ ಒಂದು ಪಾಲು ಶತಮಾನಗಳ ಕಾಲ ಇಳಿಯುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಇದರಲ್ಲಿ ನ್ಯಾಯವೇ ಇಲ್ಲ. ನಮ್ಮ ಕರ್ಮಸಿದ್ಧಾಂತಕ್ಕೆ ಒಂದು ಲೆಕ್ಕಾಚಾರವಿದೆ. ಉಂಡವನೇ ಬಾಳೆಲೆ ಎತ್ತಬೇಕು. ಇಲ್ಲಿ ಅಮೆರಿಕದವನೊಬ್ಬ ವರ್ಷಕ್ಕೆ ಸುಮಾರು 14 ಟನ್ ಉಗುಳುತ್ತಾನೆ, ನಮ್ಮವನು ಸುಮಾರು 2 ಟನ್. ಮುಳುಗುವ ಭಯ ಮಾತ್ರ ತುವಾಲು ಎಂಬ ಪುಟ್ಟ ದ್ವೀಪದವನಿಗೆ. ಮಾಡಿದವನ ಪಾಪ ಮಾಡದವನ ತಲೆಯ ಮೇಲೆ. ಇಂಥ ದೇವರನ್ನು ಯಾವ ಊರಿನಲ್ಲಿ ಪ್ರತಿಷ್ಠೆ ಮಾಡುತ್ತಾರೆ ಹೇಳಿ? ಮೋಕ್ಷದ ತಾರೀಖಂತೂ ಕೇಳಲೇಬೇಡಿ. ನಮ್ಮ ದೇಶ 2021ರಲ್ಲಿ ಗ್ಲಾಸ್ಗೋದಲ್ಲಿ ಒಪ್ಪಿಕೊಂಡ ನೆಟ್ ಜೀರೊ ಗಡುವು 2070. ಮಾತು ಕೊಟ್ಟವರಲ್ಲಿ ಎಷ್ಟು ಮಂದಿ ಅಂದು ಲೆಕ್ಕ ಒಪ್ಪಿಸಲು ಇರುತ್ತಾರೆ?

ಇನ್ನು ಭಕ್ತರ ಕತೆ. ಅಯ್ಯಪ್ಪನ ಮಾಲೆ ಹಾಕಿದವನನ್ನು ನೋಡಿ. ಬೆಳಗಿನ ಜಾವ ತಣ್ಣೀರು ಸ್ನಾನ, ಬರಿಗಾಲು, ಒಪ್ಪೊತ್ತು. ಹಾಕಿದ ಮೇಲೆ ಊರ ಕುಡುಕನೂ ಬಾಟಲಿ ಮುಟ್ಟುವುದಿಲ್ಲ. ಹವಾಮಾನಕ್ಕೆಂದು ಮಾಲೆ ಹಾಕಿದವರನ್ನು ಎಲ್ಲಾದರೂ ಕಂಡಿದ್ದೀರಾ? ಆ ನಿಕೋಲ್ಸನ್ ಒಬ್ಬ, ಸ್ವೀಡನ್ನಿನ ಗ್ರೆಟಾ ಥನ್‌ಬರ್ಗ್ ಎಂಬ ಹುಡುಗಿ ಇನ್ನೊಬ್ಬಳು. ಅವಳು ವಿಮಾನ ಬೇಡವೆಂದು 2019ರ ಆಗಸ್ಟಿನಲ್ಲಿ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿಗೆ ಹೋದಳು. ದೋಣಿಯನ್ನು ಹಿಂದಕ್ಕೆ ತರುವ ಸಿಬ್ಬಂದಿ ವಿಮಾನದಲ್ಲಿ ಹೋಗುತ್ತಾರಂತೆ ಎಂದು ಜಗತ್ತು ಕುಹಕವಾಡಿತು. ನಮ್ಮಂಥವರು ಅಂಥ ಸುದ್ದಿಗೇ ಕಾದು ಕೂತಿರುತ್ತೇವೆ. ಮಾಲೆ ಹಾಕಿದವನ ಜೇಬಿನಲ್ಲಿ ಬೀಡಿ ಸಿಕ್ಕಿತು ಎಂದ ಕೂಡಲೇ ನಮ್ಮ ಬಾಟಲಿಗೆ ಪರವಾನಗಿ ಸಿಕ್ಕ ಹಾಗೆ.

ಮತವಲ್ಲ ಎನ್ನಲು ನನಗೆ ಸಿಕ್ಕಿರುವ ಗಟ್ಟಿ ಸಾಕ್ಷಿ ನಮ್ಮ ಹಿಮಾಲಯದ್ದು. 2007ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಕರಗಿ ಮಾಯವಾಗುವ ಸಂಭವ ಬಹಳ ಎಂದು ಅಚ್ಚಾಯಿತು. 2035! ನಮ್ಮ ಸಾಲದ ಕಂತು ತೀರುವ ಮೊದಲೇ ಗಂಗೆ ಒಣಗುತ್ತಾಳೆಂದು ಜನ ದಂಗಾದರು. ಎಲ್ಲಿಂದ ಬಂತು ಈ ಇಸವಿ? 1999ರಲ್ಲಿ ಪತ್ರಿಕೆಯೊಂದಕ್ಕೆ ವಿಜ್ಞಾನಿಯೊಬ್ಬರು ಆಡಿದ ಮಾತು, ಅಲ್ಲಿಂದ 2005ರಲ್ಲಿ ಒಂದು ಪರಿಸರ ಸಂಸ್ಥೆಯ ವರದಿಗೆ, ಅಲ್ಲಿಂದ ಮಹಾವರದಿಗೆ. ಗಾಳಿಸುದ್ದಿಗೆ ಬಡ್ತಿ ಸಿಗುತ್ತಾ ಸಿಗುತ್ತಾ ಶಾಸ್ತ್ರವಾಯಿತು. 2009ರಲ್ಲಿ ಪರಿಸರ ಸಚಿವರಾಗಿದ್ದವರು ಜೈರಾಮ್ ರಮೇಶ್, ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಅದೇ ವರ್ಷ ಅವರು ಹಿರಿಯ ಭೂವಿಜ್ಞಾನಿ ವಿ.ಕೆ. ರೈನಾ ಬರೆದ ಒಂದು ಟಿಪ್ಪಣಿ ಬಿಡುಗಡೆ ಮಾಡಿಸಿ, ಹಿಮನದಿಗಳು ಅಷ್ಟು ಅವಸರದಲ್ಲಿ ಇಲ್ಲವಲ್ಲ ಎಂದು ಕೆಣಕಿದರು. ಸಮಿತಿಯ ಅಧ್ಯಕ್ಷ ರಾಜೇಂದ್ರ ಪಚೌರಿ ಕೆರಳಿ ಇದೇನು ಮಾಟಮಂತ್ರದ ವಿಜ್ಞಾನ ಎಂದು ಜರಿದರು. ಎರಡು ತಿಂಗಳು ಕಳೆಯಿತು. 2010ರ ಜನವರಿಯಲ್ಲಿ ಪಚೌರಿಯವರ ಸಮಿತಿಯೇ ಆ 2035ಕ್ಕೆ ಸರಿಯಾದ ಆಧಾರವಿಲ್ಲ ಎಂದು ವಿಷಾದ ಸೂಚಿಸಿ ಹಿಂದೆ ತೆಗೆದುಕೊಂಡಿತು.

ಇದನ್ನು ಮತವೊಂದು ಮಾಡುತ್ತದೆಯೇ? ಮತವಾಗಿದ್ದರೆ ಆ 2035 ಮಾನವ ವರ್ಷವಲ್ಲ, ದೇವಮಾನದ ವರ್ಷ ಎಂದು ಭಾಷ್ಯ ಬರೆದು, ಭಾಷ್ಯಕ್ಕೆ ಟೀಕೆ ಬರೆದು, ರೈನಾ ಅವರಿಗೆ ಬಹಿಷ್ಕಾರ ಹಾಕಿ ಎರಡು ಪಂಗಡವಾಗುತ್ತಿದ್ದರು. ತಪ್ಪೊಪ್ಪೋಲೆ ಅಚ್ಚು ಹಾಕಿಸುವ ಶ್ರುತಿ ಸ್ಮೃತಿ ನಾನಂತೂ ಕಂಡಿಲ್ಲ. ಹಿಮನದಿಗಳು ಕರಗುತ್ತಿಲ್ಲವೇ ಎಂದರೆ ಕರಗುತ್ತಿವೆ. ಹಿಂದೂಕುಶ್ ಹಿಮಾಲಯದಲ್ಲಿ 2011ರಿಂದ 2020ರವರೆಗೆ ಹಿಮ ಕರಗಿದ ವೇಗ ಅದರ ಹಿಂದಿನ ದಶಕಕ್ಕಿಂತ ಶೇಕಡಾ 65ರಷ್ಟು ಜಾಸ್ತಿ ಎಂದು ಕಠ್ಮಂಡುವಿನ ಪರ್ವತ ಅಧ್ಯಯನ ಕೇಂದ್ರ 2023ರಲ್ಲಿ ಲೆಕ್ಕ ಕೊಟ್ಟಿತು.

ಇಷ್ಟು ಹೇಳಿ ಮುಗಿಸೋಣವೆಂದರೆ ಪಚೌರಿಯವರು ಬಿಡಬೇಕಲ್ಲ! 2015ರಲ್ಲಿ ಬೇರೊಂದು ಆರೋಪ ಬಂದು ಹುದ್ದೆ ಬಿಡಬೇಕಾದಾಗ ಬರೆದ ರಾಜೀನಾಮೆ ಪತ್ರದಲ್ಲಿ, ಈ ಭೂಮಿಯನ್ನು ಕಾಪಾಡುವುದೇ ತನ್ನ ರಿಲಿಜನ್, ತನ್ನ ಧರ್ಮ ಎಂದು ಬರೆದುಬಿಟ್ಟರು. ಮಹರಾಯರೇ, ಆ ಒಂದು ಸಾಲು ಬರೆಯದಿದ್ದರೆ ಏನು ಗಂಟು ಹೋಗುತ್ತಿತ್ತು? ಮೂದಲಿಸುವವರಿಗೆ ಹಾಲುಪಾಯಸ ಕುಡಿದಷ್ಟು ಸಂತೋಷವಾಯಿತು.

ಮತಕ್ಕೊಬ್ಬ ಮೂಲಪುರುಷ ಬೇಕು. ಇದಕ್ಕೆ ಅಂಥವರನ್ನು ಹುಡುಕಿ ಹೊರಟರೆ 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಹೆಂಗಸು ಸಿಗುತ್ತಾಳೆ. ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಗಾಳಿ ತುಂಬಿ, ಥರ್ಮಾಮೀಟರ್ ಇಟ್ಟು, ಬಿಸಿಲಿಗೆ ಒಡ್ಡಿ, ಇಂಗಾಲದ ಅನಿಲ ತುಂಬಿದ ಕೊಳವೆ ಹೆಚ್ಚು ಕಾಯುತ್ತದೆ, ಆರುವುದೂ ನಿಧಾನ ಎಂದು ಬರೆದಿಟ್ಟವಳು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ತಿಂಗಳುಗಟ್ಟಲೆ ಕೈಯಲ್ಲೇ ಲೆಕ್ಕ ಹಾಕಿ, ಗಾಳಿಯಲ್ಲಿ ಇಂಗಾಲ ಇಮ್ಮಡಿಯಾದರೆ ಭೂಮಿ ಐದಾರು ಡಿಗ್ರಿ ಕಾಯುತ್ತದೆ ಎಂದ. ಇವತ್ತಿನ ಅಂದಾಜಿಗಿಂತ ಅದು ಜಾಸ್ತಿ. ಅವನಿಗೆ ಗಾಬರಿಯಾಯಿತೇ? ಇಲ್ಲ, ಖುಷಿಯಾಯಿತು! ಚಳಿಯ ದೇಶದವನಲ್ಲವೇ, ಬಿಸಿಯಾದರೆ ನಮ್ಮಂಥವರಿಗೆ ಒಳ್ಳೆಯದೇ, ಬೆಳೆ ಚೆನ್ನಾಗಿ ಬರುತ್ತದೆ ಎಂದುಕೊಂಡ. ಪ್ರಳಯ ಬಂದರೆ ಬರಲಿ, ಕಂಬಳಿ ಖರ್ಚು ಉಳಿಯಿತು ಎನ್ನುವ ಋಷಿ ಯಾವ ಮತದಲ್ಲಿದ್ದಾನೆ?

ಆಮೇಲೆ ಚಾರ್ಲ್ಸ್ ಕೀಲಿಂಗ್. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಗಾಳಿಯ ಇಂಗಾಲ ಅಳೆಯತೊಡಗಿದ. ಆಗ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲು ಇತ್ತು, ಈಗ 420 ದಾಟಿದೆ. ಕೀಲಿಂಗ್ 2005ರಲ್ಲಿ ತೀರಿಕೊಂಡ, ಅವನ ಮಗ ರಾಲ್ಫ್ ಅಳತೆ ಮುಂದುವರಿಸಿದ. ಇದನ್ನು ಓದಿದಾಗ ನನಗೆ ಭಾವನ ಜಗುಲಿಯ ಗೋಡೆಗೂಡಿನಲ್ಲಿರುವ ಮಳೆ ಪುಸ್ತಕ ಕಣ್ಣಿಗೆ ಬಂತು. ಅಂಗಳದ ಮೂಲೆಯಲ್ಲಿ ಮಳೆಮಾಪಕ, ಬೆಳಿಗ್ಗೆ ಎಂಟೂವರೆಗೆ ನೀರು ಅಳೆದು ಪುಸ್ತಕದಲ್ಲಿ ಬರೆಯುವುದು. ಅವರ ಅಪ್ಪಯ್ಯನ ಮಸಿಪೆನ್ನಿನ ಅಕ್ಷರ ನಿಂತ ಕಡೆ ಭಾವನ ಬಾಲ್‌ಪೆನ್ನು ಶುರು. ಅಪ್ಪಯ್ಯ ಇಂಚಿನಲ್ಲಿ ಬರೆದದ್ದನ್ನು ಭಾವ ಪಕ್ಕದಲ್ಲೇ ಮಿಲಿಮೀಟರಿಗೆ ಇಳಿಸಿದ್ದಾರೆ. ಜ್ವರವಿದ್ದ ದಿನ ಅಕ್ಕನ ಕೈಬರಹ. ಟಾರ್ಪಾಲು ಹೊದಿಸಿದ ಮರುದಿನ ಬೆಳಿಗ್ಗೆಯೂ ಅಂಗಿ ಹಾಕಿಕೊಳ್ಳುವ ಮೊದಲೇ ಹೋಗಿ ಅಳೆದು ಬರೆದರು. ‘ಭಾವ, ನಿಮ್ಮದೂ ಥರ್ಮಾಮೀಟರ್ ಮತವೇ ಆಯ್ತಲ್ಲ’ ಎಂದೆ. ‘ಸುಮ್ನಿರು ಮಾರಾಯ, ಇದು ಮಳೆ ಲೆಕ್ಕ’ ಎಂದರು. ಮಗಳು ಒಳಗೆ ನಗುತ್ತಿದ್ದಳು.

ಆದ್ದರಿಂದ ನನ್ನ ತೀರ್ಪು ಹೀಗೆ. ಅಳೆಯುವ ಕೆಲಸವೇ ಬೇರೆ, ಅಳುವ ಕೆಲಸವೇ ಬೇರೆ. ಹಿಮನದಿಯ ತಿಥಿ, ಎಲ್ಲೋ ನೆಡುವ ಗಿಡ, ದುಬೈ ಜಾತ್ರೆ ಇವಕ್ಕೆ ಧಾರಾಳವಾಗಿ ನಗಿ, ನಾನೂ ಬಂದು ಸೇರುತ್ತೇನೆ. 2024ನೇ ಇಸವಿ ದಾಖಲೆಯಲ್ಲೇ ಅತಿ ಬಿಸಿಯ ವರ್ಷ, ಕೈಗಾರಿಕೆ ಶುರುವಾಗುವ ಮುಂಚಿನ ಕಾಲಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಮೇಲೆ ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದ್ದಕ್ಕೆ ಮಾತ್ರ ಯಾರ ದೀಕ್ಷೆಯೂ ಬೇಕಿಲ್ಲ. ನೀವು ನಂಬಿದರೂ ಪಾದರಸ ಅಷ್ಟಕ್ಕೇ ನಿಲ್ಲುತ್ತದೆ, ಬಿಟ್ಟರೂ ಅಷ್ಟಕ್ಕೇ. ನಿಕೋಲ್ಸನ್ ಕತೆ ಏನಾಯಿತು ಎಂದು ಕೇಳಿದಿರಾ? ಕೊನೆಗೆ ಕೋರ್ಟಿನ ಹೊರಗೇ ರಾಜಿಯಾಯಿತು, ಕಂಪನಿ ದುಡ್ಡು ಕೊಟ್ಟಿತು.

ಕಡೆಗೊಂದು ಕೋರಿಕೆ, ಮದುವೆ ಸೀಸನ್ ಬಂತು ಅಂತ. ನಮ್ಮ ಕಲ್ಯಾಣ ಮಂಟಪಗಳೆಲ್ಲ ಈಗ ಎಸಿ ಹಾಲುಗಳಾಗಿವೆ. ಹೊರಗೆ ಮೇ ತಿಂಗಳ ಕೆಂಡ, ಒಳಗೆ 16 ಡಿಗ್ರಿ. ಮೈಸೂರು ರೇಷ್ಮೆಯ ಮೇಲೆ ಶಾಲು ಹೊದ್ದ ಅತ್ತೆಯಂದಿರು, ಹಲ್ಲು ಕಟಕಟ ಎನ್ನುತ್ತಾ ಮಂತ್ರ ಹೇಳುವ ಬರಿಮೈ ಪುರೋಹಿತರು, ಬಾಳೆಲೆಗೆ ಬೀಳುವಷ್ಟರಲ್ಲಿ ಹೆಪ್ಪುಗಟ್ಟುವ ತುಪ್ಪ. 2020ರ ಜನವರಿಯಿಂದ ನಮ್ಮಲ್ಲಿ ಮಾರುವ ಮನೆ ಎಸಿಗಳು ಹಚ್ಚಿದ ಕೂಡಲೇ 24ರಲ್ಲೇ ಶುರುವಾಗಬೇಕೆಂದು ನಿಯಮವಿದೆ. ಅಲ್ಲಿಂದ ಕೆಳಕ್ಕೆ ಒತ್ತುವುದು ನಮ್ಮ ಹೆಬ್ಬೆರಳು. ಮುಂದಿನ ಮದುವೆಗೆ ಹೋದಾಗ ರಿಮೋಟ್ ಯಾವ ಸೋದರಮಾವನ ಜೇಬಿನಲ್ಲಿದೆ ಪತ್ತೆ ಹಚ್ಚಿ 24ಕ್ಕೆ ಏರಿಸಿಬಿಡಿ. ಒಂದೊಂದು ಡಿಗ್ರಿಗೆ ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆ ಎಂದು ಸರ್ಕಾರದ ಇಂಧನ ದಕ್ಷತೆ ಬ್ಯೂರೋದವರ ಲೆಕ್ಕ. ಬಿಲ್ಲು ಕಟ್ಟುವುದು ಹೇಗೂ ಹುಡುಗಿಯ ಅಪ್ಪ.